ಪೂರ್ವಾಧ್ಯಯನ ಸಮೀಕ್ಷೆ

ಪೂರ್ವಾಧ್ಯಯನ ಸಮೀಕ್ಷೆ: ಯಾವುದಾದರೊಂದು ವಿಷಯವನ್ನು ಕುರಿತು ತನಗಿಂತ ಮೊದಲು ನಡೆದ ಅಧ್ಯಯನಗಳನ್ನು ಸಂಶೋಧಕನು ಹುಡುಕಿ, ಓದಿ, ತೂಗಿ, ಅವುಗಳಲ್ಲಿ ಸಿದ್ಧವಾದುದಾವುದು, ವಿವಾದಗ್ರಸ್ತವಾದುದಾವುದು, ಯಾರೂ ಕೈಯಿಕ್ಕದೆ ಉಳಿದುದಾವುದು ಎಂಬುದನ್ನು ನಿರೂಪಿಸುವ ಬರಹ. ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಸಾಹಿತ್ಯ ಸಮೀಕ್ಷೆ, ಸಾಹಿತ್ಯಾವಲೋಕನ, ಈವರೆಗಿನ ಅಧ್ಯಯನಗಳ ಸಮೀಕ್ಷೆ ಎಂಬ ಹೆಸರುಗಳಿಂದಲೂ ಕರೆಯುವುದುಂಟು. ಇಲ್ಲಿ ಸಾಹಿತ್ಯವೆಂದರೆ ಕಾವ್ಯನಾಟಕಾದಿಗಳಲ್ಲ. ಒಂದು ವಿಷಯವನ್ನು ಕುರಿತ ಬರವಣಿಗೆಯ ಸಮೂಹವೆಂದು ಅರ್ಥ. ಸಸ್ಯಶಾಸ್ತ್ರದ ಪ್ರೌಢಪ್ರಬಂಧವೊಂದರ ಎರಡನೆಯ ಅಧ್ಯಾಯಕ್ಕೆ ಸಾಹಿತ್ಯ ಸಮೀಕ್ಷೆಯೆಂಬ ತಲೆಬರಹವನ್ನು ಕಂಡು, ಮರಗಿಡಗಳನ್ನು ವರ್ಣಿಸಿದ ಕವಿಗಳ ಪ್ರಸಂಗವಿರಬೇಕೆಂದು ಆಸೆಪಟ್ಟು ಪುಟ ತಿರುವುವ ಕನ್ನಡದ ಓದುಗನನ್ನು ತಪ್ಪುಗಾರನೆನ್ನಲಾಗದು. ಈ ತೊಡಕಿನಿಂದ ಪಾರಾಗುವ ಸಲುವಾಗಿ ಪೂರ್ವಾಧ್ಯಯನ ಸಮೀಕ್ಷೆ ಎಂಬ ಮಾತನ್ನೇ ಇಲ್ಲಿ ಬಳಸಿದೆ.

ಹಿಂದಿನವರನ್ನು ನೆನೆದು ಮುಂದಡಿಯಿಡುವ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ಆದರೆ ಆ ನೆನೆಯುವಿಕೆಯಲ್ಲಿ ಎರಡು ಬಗೆಗಳುಂಟು. ಇಷ್ಟದೇವತೆಯನ್ನೂ ಗುರುವನ್ನೂ ವಂದಿಸಿದ ಮೇಲೆ ಕವಿಯು ತನ್ನ ಪೂರ್ವಿಕರಾದ ಕವಿಗಳನ್ನು ಹೆಸರಿಸಿ ಕೈಮುಗಿಯುವುದು ಪೂರ್ವಕವಿಸ್ತುತಿ. ಅಲ್ಲಿ ಪುಷ್ಪಾಂಜಲಿಯುಂಟು, ತಕ್ಕಡಿಯಿಲ್ಲ. ಶಾಸ್ತ್ರಗ್ರಂಥಗಳ ದಾರಿ ಬೇರೆ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿಂದ ಕೂಡಿದ ಅಧಿಕರಣದಲ್ಲಿ, ಎದುರಾಳಿಯ ಮತವನ್ನು ಅವನೇ ಬಂದು ಕುಳಿತು ವಾದಿಸಿದನೆಂಬಷ್ಟು ಬಲವಾಗಿ ಮಂಡಿಸಿದಲ್ಲದೆ ಸಿದ್ಧಾಂತಿಗೆ ಬಾಯಿ ತೆರೆಯುವ ಅಧಿಕಾರವಿಲ್ಲ. ವಿಜಯನಗರದ ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹವು ಈ ಕ್ರಮವನ್ನು ಒಂದು ಇಡೀ ಗ್ರಂಥಕ್ಕೆ ವಿಸ್ತರಿಸಿದೆ: ಚಾರ್ವಾಕದಿಂದ ಮೊದಲುಗೊಂಡು ದರ್ಶನಗಳನ್ನು ಒಂದರ ಮೇಲೊಂದಾಗಿ ಜೋಡಿಸಿ, ಪ್ರತಿಯೊಂದು ದರ್ಶನವನ್ನೂ ಅದರ ಅನುಯಾಯಿಯ ಬಾಯಿಂದಲೇ ನುಡಿಸಿ, ಅದರ ಕೊರತೆಯನ್ನು ಮುಂದಿನ ದರ್ಶನದವನಿಂದ ಎತ್ತಿ ತೋರಿಸಿದೆ. ಹೀಗೆ ಸರದಿಯೇ ವಿಮರ್ಶೆಯಾಗುತ್ತದೆ. ಗ್ರಂಥಕಾರನು ನಡುನಡುವೆ ನಿಂತು ತೀರ್ಪು ಸಾರಬೇಕಾದ ಪ್ರಮೇಯ ಬರುವುದಿಲ್ಲ. ಸಮೀಕ್ಷೆ ಬರೆಯುವವನು ಹಿಡಿಯತಕ್ಕುದು ಈ ಎರಡನೆಯ ದಾರಿಯನ್ನು. ಕೆಟ್ಟ ಸಮೀಕ್ಷೆಗಳಲ್ಲಿ ಹೆಚ್ಚಿನವು ಮೊದಲನೆಯದನ್ನು ಹಿಡಿದು ಕೆಟ್ಟಿವೆ.

ಪಾಶ್ಚಾತ್ಯ ವಿಜ್ಞಾನದಲ್ಲಿ ಈ ಬಗೆಯ ಬರಹಕ್ಕೆ ಆದಿಯ ನಿದರ್ಶನವಾಗಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಲಿಂಡ್ 1753ರಲ್ಲಿ ಪ್ರಕಟಿಸಿದ ಸ್ಕರ್ವಿ ರೋಗದ ಗ್ರಂಥವನ್ನು ಹೆಸರಿಸುವುದು ವಾಡಿಕೆ. 1747ರಲ್ಲಿ ಹಡಗಿನ ಮೇಲೆ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೊತೆ ಮಾಡಿ, ಕಿತ್ತಳೆ ನಿಂಬೆಗಳ ಗುಣವನ್ನು ಕಂಡುಕೊಂಡ ಪ್ರಯೋಗದಿಂದ ಅವನು ಪ್ರಸಿದ್ಧನಾದರೂ, ಆ ರೋಗವನ್ನು ಕುರಿತು ತನ್ನ ಕಾಲದವರೆಗೆ ಪ್ರಕಟವಾದ ಬರಹಗಳನ್ನೆಲ್ಲ ಕಾಲಾನುಕ್ರಮದಲ್ಲಿ ಇಟ್ಟು ಪರೀಕ್ಷಿಸುವುದಕ್ಕಾಗಿ ಗ್ರಂಥದ ಒಂದು ಭಾಗವನ್ನೇ ಮೀಸಲಿಟ್ಟದ್ದು ಅಷ್ಟಾಗಿ ಜನರ ಲಕ್ಷ್ಯಕ್ಕೆ ಬಂದಿಲ್ಲ. ಮುಂದೆ ಪತ್ರಿಕೆಗಳೂ ಪ್ರಬಂಧಗಳೂ ಒಬ್ಬನ ಓದಿಗೆ ನಿಲುಕದಷ್ಟು ಬೆಳೆದಂತೆ, ಓದಬೇಕಾದುದನ್ನು ತೋರಿಸಿಕೊಡುವ ಸಾಧನಗಳೂ ಹುಟ್ಟಿಕೊಂಡವು. ರಸಾಯನಶಾಸ್ತ್ರದ ಸಾರಸಂಗ್ರಹ ಪತ್ರಿಕೆಗಳು ಜರ್ಮನಿಯಲ್ಲಿ 1830ರಲ್ಲಿಯೂ ಅಮೆರಿಕದಲ್ಲಿ 1907ರಲ್ಲಿಯೂ ಆರಂಭವಾದುವು. ಯಾವ ಪ್ರಬಂಧವನ್ನು ಯಾವ ಯಾವ ಪ್ರಬಂಧಗಳು ಉಲ್ಲೇಖಿಸಿವೆ ಎಂಬುದನ್ನು ತೋರಿಸುವ ಸೂಚಿಯನ್ನು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದನು. 1976ರಲ್ಲಿ ಜೀನ್ ಗ್ಲಾಸ್ ಎಂಬ ಅಮೆರಿಕದ ವಿದ್ವಾಂಸನು, ಒಂದೇ ಪ್ರಶ್ನೆಯನ್ನು ಕುರಿತ ಅನೇಕ ಪ್ರಯೋಗಗಳ ಫಲಿತಾಂಶಗಳನ್ನು ಸಂಖ್ಯಾಶಾಸ್ತ್ರದ ಮೂಲಕ ಒಟ್ಟುಗೂಡಿಸುವ ವಿಧಾನಕ್ಕೆ ಮೆಟಾ ಅನಾಲಿಸಿಸ್ ಎಂದು ಹೆಸರಿಟ್ಟನು. ಪ್ರತಿಯೊಂದು ಶಾಖೆಯಲ್ಲಿಯೂ ನಡೆದ ಪ್ರಯೋಗಗಳ ವಿಮರ್ಶಾತ್ಮಕ ಸಂಗ್ರಹವನ್ನು ವೈದ್ಯವೃತ್ತಿ ಇನ್ನೂ ಸಿದ್ಧಪಡಿಸಿಕೊಂಡಿಲ್ಲವೆಂದು ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1979ರಲ್ಲಿ ಆಕ್ಷೇಪಿಸಿದ್ದರ ಫಲವಾಗಿ 1993ರಲ್ಲಿ ಅವನ ಹೆಸರಿನ ಸಂಸ್ಥೆಯೇ ಸ್ಥಾಪಿತವಾಯಿತು. ಇಂಥ ಸಮೀಕ್ಷೆಗಳನ್ನು ವರದಿ ಮಾಡತಕ್ಕ ರೀತಿಯನ್ನು ಇಪ್ಪತ್ತೇಳು ಅಂಶಗಳಲ್ಲಿ ಹೇಳುವ ಪ್ರಿಸ್ಮಾ ಎಂಬ ನಿಯಮಾವಳಿ 2009ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾಯಿತು.

ಈ ಕೊನೆಯ ಬಗೆಯನ್ನು ಕ್ರಮಬದ್ಧ ಸಮೀಕ್ಷೆಯೆನ್ನುವರು. ಎಲ್ಲಿ ಹುಡುಕಿದೆ, ಯಾವ ಪದಗಳಿಂದ ಹುಡುಕಿದೆ, ಎಷ್ಟು ಸಿಕ್ಕಿದುವು, ಎಷ್ಟನ್ನು ಯಾವ ಕಾರಣದಿಂದ ಕೈಬಿಟ್ಟೆ ಎಂಬ ಲೆಕ್ಕವನ್ನು ಓದುಗನ ಮುಂದಿಟ್ಟು, ಇನ್ನೊಬ್ಬನು ಅದೇ ದಾರಿಯಲ್ಲಿ ನಡೆದರೆ ಅದೇ ಊರನ್ನು ಸೇರುವಂತಿರಬೇಕು ಎಂಬುದು ಇದರ ಧರ್ಮ. ಮಾನವಿಕ ಶಾಸ್ತ್ರಗಳಲ್ಲಿ ರೂಢವಾಗಿರುವುದು ಕಥನಾತ್ಮಕ ಸಮೀಕ್ಷೆ. ಅಲ್ಲಿ ಲೇಖಕನ ವಿವೇಚನೆಯೇ ಜರಡಿ. ಎರಡನೆಯದು ಸುಲಭವೆಂಬ ಭ್ರಮೆ ವಿದ್ಯಾರ್ಥಿಗಳಲ್ಲಿದೆ. ಲೆಕ್ಕ ಕೊಡಬೇಕಾದ ನಿರ್ಬಂಧವಿಲ್ಲದವನು ಪ್ರಾಮಾಣಿಕನಾಗಿರುವುದು ಹೆಚ್ಚು ಕಷ್ಟವೆಂಬುದನ್ನು ಅವರು ಮರೆಯುತ್ತಾರೆ.

ಹಿಂದಿನದನ್ನು ಓದದಿರುವುದರಿಂದಾಗುವ ಹಾನಿಯು ಹಲವು ಮಟ್ಟದ್ದು. ಕಾರ್ ಎಂಬವನು ಬರೆದ ಹಳೆಯ ಸಂಗ್ರಹಗ್ರಂಥವೊಂದನ್ನೇ ಬಹುಮಟ್ಟಿಗೆ ಆಧಾರವಾಗಿ ಹಿಡಿದು ಬೆಳೆದ ಶ್ರೀನಿವಾಸ ರಾಮಾನುಜನ್ನರು, ಯುರೋಪಿನಲ್ಲಿ ಆಗಲೇ ಸಿದ್ಧವಾಗಿದ್ದ ಎಷ್ಟೋ ಫಲಿತಾಂಶಗಳನ್ನು ತಾವೇ ಮತ್ತೆ ಕಂಡುಹಿಡಿಯುವುದರಲ್ಲಿ ಅಮೂಲ್ಯವಾದ ವರ್ಷಗಳನ್ನು ಕಳೆದರು. ಅಂಥ ಪ್ರತಿಭೆಗೆ ಅದು ವ್ಯಾಯಾಮವಾಯಿತೆಂದು ಸಮಾಧಾನಪಡಬಹುದು, ಉಳಿದವರಿಗೆ ಆ ಸಮಾಧಾನವೂ ಇಲ್ಲ. ಗ್ರೆಗರ್ ಮೆಂಡಲನು ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳ ಪ್ರಬಂಧವು 1866ರಲ್ಲಿ ಅಚ್ಚಾಗಿ ಮೂವತ್ತನಾಲ್ಕು ವರ್ಷಗಳ ಕಾಲ ಕಪಾಟುಗಳಲ್ಲಿ ಮಲಗಿತ್ತು. 1900ರಲ್ಲಿ ಡಿ ವ್ರೀಸ್, ಕಾರೆನ್ಸ್, ಚೆರ್ಮಾಕ್ ಎಂಬ ಮೂವರು ಅದರತ್ತ ಬಂದರು. ಡಿ ವ್ರೀಸನು ಫ್ರೆಂಚಿನಲ್ಲಿ ಪ್ರಕಟಿಸಿದ ಮೊದಲ ಟಿಪ್ಪಣಿಯಲ್ಲಿ ಮೆಂಡಲನ ಹೆಸರಿರಲಿಲ್ಲವೆಂಬುದೂ, ಕಾರೆನ್ಸನು ತನ್ನ ಪ್ರಬಂಧದ ತಲೆಬರಹದಲ್ಲಿಯೇ ಆ ಹೆಸರನ್ನು ನಿಲ್ಲಿಸಿದನೆಂಬುದೂ ಗಮನಾರ್ಹವಾದ ಸಂಗತಿಗಳು. ಆದರೆ ಇವೆಲ್ಲ ಕೀರ್ತಿಯ ಮತ್ತು ಕಾಲದ ನಷ್ಟಗಳು. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಉಬ್ಬಸವನ್ನು ಕುರಿತ ಪ್ರಯೋಗವೊಂದರಲ್ಲಿ ಹೆಕ್ಸಾಮೆಥೋನಿಯಂ ಎಂಬ ದ್ರವ್ಯವನ್ನು ಉಸಿರಿನೊಡನೆ ಒಳಗೆಳೆದುಕೊಂಡ ಇಪ್ಪತ್ತನಾಲ್ಕು ವರ್ಷದ ಆರೋಗ್ಯವಂತ ಸ್ವಯಂಸೇವಕಿ ಮೃತಳಾದಳು. ಆ ದ್ರವ್ಯದ ಸುರಕ್ಷತೆಯನ್ನು ಕುರಿತು ಸಂಶೋಧಕರು ಪಬ್‌ಮೆಡ್ ಸೂಚಿಯಲ್ಲಿ ಹುಡುಕಿದ್ದರು. ಆ ಸೂಚಿ ಆಗ ಹಿಂದಕ್ಕೆ ಹೋಗುತ್ತಿದ್ದುದು 1966ರವರೆಗೆ ಮಾತ್ರ. ಶ್ವಾಸಕೋಶಕ್ಕೆ ಅದರಿಂದಾಗುವ ಹಾನಿಯನ್ನು ಹೇಳಿದ ಬರಹಗಳು 1950ರ ದಶಕದವು. ಯಂತ್ರವು ತೋರಿಸಿದ್ದನ್ನೇ ಲೋಕದಲ್ಲಿರುವುದೆಲ್ಲ ಎಂದು ನಂಬುವ ವಿದ್ಯಾರ್ಥಿಗೆ ಈ ಒಂದು ಪ್ರಸಂಗವನ್ನು ಹೇಳಿದರೆ ಸಾಕು.

ಕನ್ನಡ ವಿಷಯಗಳಲ್ಲಿ ದುಡಿಯುವವನಿಗೆ ಈ ಎಚ್ಚರ ಇಮ್ಮಡಿಯಾಗಿ ಬೇಕು. ಶೋಧಗಂಗಾ ಭಂಡಾರದಲ್ಲಿ ಇತ್ತೀಚಿನ ಪ್ರಬಂಧಗಳು ಕುಳಿತಲ್ಲಿಯೇ ಲಭ್ಯವಾಗುವುವಾದರೂ, ನಮ್ಮ ವಿದ್ವತ್ತಿನ ದೊಡ್ಡ ಭಾಗವು ಇನ್ನೂ ಯಾವ ಸೂಚಿಗೂ ಸಿಕ್ಕದೆ ಕಾಗದದಲ್ಲಿಯೇ ಇದೆ. ಪ್ರಬುದ್ಧ ಕರ್ನಾಟಕ, ಪರಿಷತ್ಪತ್ರಿಕೆ ಮೊದಲಾದವುಗಳ ಹಳೆಯ ಸಂಪುಟಗಳನ್ನು ಒಂದೊಂದಾಗಿ ಇಳಿಸಿ ಪರಿವಿಡಿ ನೋಡದೆ ಗತ್ಯಂತರವಿಲ್ಲ. ಅದಕ್ಕೂ ಮಿಗಿಲಾಗಿ ನಮ್ಮಲ್ಲಿ ಒಳ್ಳೆಯ ಸಂಶೋಧನ ಲೇಖನಗಳು ಅಡಗಿ ಕುಳಿತಿರುವುದು ಅಭಿನಂದನ ಗ್ರಂಥಗಳಲ್ಲಿ. ಹಿರಿಯರೊಬ್ಬರಿಗೆ ಅರುವತ್ತು ತುಂಬಿದಾಗ ಹೊರಬಂದ ದಪ್ಪ ಸಂಪುಟದ ಮೊದಲ ಅರ್ಧವು ಅವರ ಗುಣಗಾನವೆಂದು ಕೆಳಗಿಟ್ಟವನು, ಉತ್ತರಾರ್ಧದಲ್ಲಿ ಶಾಸನವೊಂದರ ಪಾಠವನ್ನು ತಿದ್ದಿದ ಎಂಟು ಪುಟಗಳ ಲೇಖನವನ್ನು ಕಳೆದುಕೊಳ್ಳುತ್ತಾನೆ. ಅದೇ ಲೇಖನ ಮೊದಲು ಪತ್ರಿಕೆಯಲ್ಲಿ, ಬಳಿಕ ಅಭಿನಂದನ ಗ್ರಂಥದಲ್ಲಿ, ಕೊನೆಗೆ ಲೇಖಕರ ಸಮಗ್ರ ಸಂಪುಟದಲ್ಲಿ ಮೂರು ಬಾರಿ ಅಚ್ಚಾಗಿರುವುದೂ ಅಪರೂಪವಲ್ಲ. ಅದನ್ನು ಮೂರು ಆಧಾರಗಳೆಂದು ಎಣಿಸದೆ, ಮೂರರಲ್ಲಿ ಮಾತು ಎಲ್ಲಿ ಬದಲಾಗಿದೆಯೆಂದು ನೋಡತಕ್ಕದ್ದು. ಲೇಖಕನು ಮನಸ್ಸು ಬದಲಿಸಿದ ಜಾಗ ಅಲ್ಲಿ ಸಿಕ್ಕುವುದುಂಟು. ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೂರು ಸಂಪುಟಗಳು 1907, 1919, 1929ರಲ್ಲಿ ಬಂದುವು. ಅವುಗಳಿಂದ ಆರಂಭಿಸುವುದು ಕ್ಷೇಮ, ಅಲ್ಲಿಯೇ ನಿಲ್ಲುವುದು ಅಪಾಯ.

ಎಷ್ಟು ಓದಬೇಕು? ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ತಿಳಿಯುವ ಸ್ಥಾಲೀಪುಲಾಕ ನ್ಯಾಯ ಇಲ್ಲಿ ಸಲ್ಲದು, ಏಕೆಂದರೆ ವಿದ್ವಾಂಸರು ಒಂದೇ ಮಡಕೆಯಲ್ಲಿ ಬೇಯುವವರಲ್ಲ. ಹೊಸದಾಗಿ ಕೈಗೆ ಬಂದ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ತಾನು ಆಗಲೇ ಓದಿದ ಹೆಸರುಗಳೇ ಮತ್ತೆ ಮತ್ತೆ ಕಾಣಿಸತೊಡಗಿದಾಗ ಹುಡುಕಾಟ ದಡ ಸೇರುತ್ತಿದೆಯೆಂದು ತಿಳಿಯಬಹುದು. ಓದುವಾಗ ಪ್ರತಿಯೊಂದು ಬರಹಕ್ಕೂ ಒಂದು ಚೀಟಿ ಬರೆದಿಡುವುದು ಹಳೆಯ ಕ್ರಮ. ಚೀಟಿ ಕಾಗದದ್ದಾದರೂ ಸರಿ, ಗಣಕಯಂತ್ರದ್ದಾದರೂ ಸರಿ. ಲೇಖಕನ ಪ್ರತಿಪಾದನೆ ನನ್ನ ಮಾತಿನಲ್ಲಿ ಏನು, ಅದಕ್ಕೆ ಅವನು ಕೊಟ್ಟ ಆಧಾರವೇನು, ಯಾವ ಪುಟದಲ್ಲಿ, ನನಗೆ ಎಲ್ಲಿ ಸಂದೇಹ ಹುಟ್ಟಿತು ಎಂಬ ನಾಲ್ಕು ಸಂಗತಿಗಳು ಅದರಲ್ಲಿರಲೇಬೇಕು. ಪುಟಸಂಖ್ಯೆಯನ್ನು ನಾಳೆ ಬರೆದುಕೊಂಡರಾಯಿತೆಂದು ಬಿಟ್ಟವನು, ಪ್ರಬಂಧ ಒಪ್ಪಿಸುವ ವಾರದಲ್ಲಿ ಆ ಪುಸ್ತಕ ಬೇರೆಯವರ ಹೆಸರಿನಲ್ಲಿ ಎರವಲು ಹೋಗಿರುವುದನ್ನು ಕಂಡು ಗ್ರಂಥಾಲಯದ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಈ ಲೇಖಕನೂ ಒಮ್ಮೆ ಕುಳಿತಿದ್ದುಂಟು.

ಮೂಲವನ್ನು ನೋಡದೆ ಇನ್ನೊಬ್ಬರ ಉಲ್ಲೇಖದಿಂದ ಉಲ್ಲೇಖಿಸುವುದು ಎಲ್ಲಕ್ಕಿಂತ ಹಬ್ಬಿದ ರೋಗ. ಒಂದು ಕುರಿ ಹೋದ ಕಡೆಗೆ ಮಂದೆಯೆಲ್ಲ ಹೋಗುವುದಕ್ಕೆ ಶಾಸ್ತ್ರಕಾರರು ಗಡ್ಡರಿಕಾಪ್ರವಾಹವೆಂದು ಹೆಸರಿಟ್ಟಿದ್ದಾರೆ. ಒಬ್ಬನ ಕೈತಪ್ಪಿನಿಂದ ಇಸವಿಯ ಅಂಕಿಯೊಂದು ಆಚೀಚೆಯಾದರೆ ಹತ್ತು ಗ್ರಂಥಗಳಲ್ಲಿ ಆ ತಪ್ಪೇ ಮೆರೆದು, ಹನ್ನೊಂದನೆಯವನಿಗೆ ಹತ್ತು ಆಧಾರಗಳು ದೊರೆತಂತಾಗುತ್ತದೆ.

ಇನ್ನು ಜೋಡಣೆಯ ವಿಚಾರ. ಸಮೀಕ್ಷೆ ಉಳಿಯುವುದೂ ಅಳಿಯುವುದೂ ಇಲ್ಲಿಯೇ. ಕನ್ನಡದಲ್ಲಿ ದೊರೆತ ಅತಿಪ್ರಾಚೀನ ಗ್ರಂಥವಾದ ಕವಿರಾಜಮಾರ್ಗದ ಕರ್ತೃತ್ವವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ 850ರ ಸುಮಾರಿನಲ್ಲಿ, ಹುಟ್ಟಿದ ಈ ಗ್ರಂಥವನ್ನು ಕೆ. ಬಿ. ಪಾಠಕರು 1898ರಲ್ಲಿ ಮೊದಲ ಬಾರಿಗೆ ಸಂಪಾದಿಸಿ, ನೃಪತುಂಗನೇ ಇದರ ಕರ್ತೃವೆಂದರು. ಜೆ. ಎಫ್. ಫ್ಲೀಟನು ಇದನ್ನೊಪ್ಪಲಿಲ್ಲ. ಕಾಲಕ್ರಮದಲ್ಲಿ ಶ್ರೀವಿಜಯನೆಂಬ ಆಸ್ಥಾನಕವಿಯೇ ಕರ್ತೃವೆಂಬ ಪಕ್ಷ ಬಲಗೊಂಡಿತು. ಎಂ. ವಿ. ಸೀತಾರಾಮಯ್ಯನವರ ಸಂಪಾದನೆ ಬಂದಿತು, ಎಂ. ಎಂ. ಕಲಬುರ್ಗಿಯವರ ಡಾಕ್ಟರೇಟ್ ಪ್ರಬಂಧವೇ ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯವನ್ನು ಕುರಿತದ್ದು. ಇವನ್ನು ಕೈಯಲ್ಲಿ ಹಿಡಿದ ಸಾಮಾನ್ಯ ವಿದ್ಯಾರ್ಥಿಯು ಏನು ಬರೆಯುತ್ತಾನೆ? ಪಾಠಕರು ಇಂಥ ವರ್ಷದಲ್ಲಿ ಹೀಗೆಂದಿದ್ದಾರೆ, ಫ್ಲೀಟ್ ಹೀಗೆಂದಿದ್ದಾರೆ, ಮತ್ತೊಬ್ಬರು ಹೀಗೆ ಅಭಿಪ್ರಾಯಪಟ್ಟಿದ್ದಾರೆ, ಹೀಗೆ ಹದಿನೈದು ಪ್ಯಾರಾಗಳು, ಪ್ರತಿಯೊಂದರ ಮೊದಲಲ್ಲಿಯೂ ಒಂದು ಹೆಸರು, ಕೊನೆಯಲ್ಲಿಯೂ ಅದೇ ಕ್ರಿಯಾಪದ. ಮದುವೆಮನೆಯ ಮುಯ್ಯಿಯ ಪಟ್ಟಿಯಂತೆ ಯಾರು ಯಾರು ಬಂದರು, ಏನೇನು ಕೊಟ್ಟರು ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಬಲ್ಲವನು ಹೆಸರುಗಳನ್ನು ಬಿಟ್ಟು ಆಧಾರಗಳನ್ನು ಸಾಲುಗೊಳಿಸುತ್ತಾನೆ. ಗ್ರಂಥವು ತನ್ನನ್ನು ನೃಪತುಂಗದೇವಾನುಮತವೆಂದು ಕರೆದುಕೊಳ್ಳುತ್ತದೆ: ಅನುಮತವೆಂದರೆ ದೊರೆ ರಚಿಸಿದುದೇ, ದೊರೆ ಒಪ್ಪಿದುದೇ? ಈ ಒಂದು ಪದದ ಅರ್ಥದ ಮೇಲೆ ಎರಡು ಪಕ್ಷಗಳು ನಿಂತಿವೆ. ಆದುದರಿಂದ ಅದಕ್ಕೆ ಒಂದು ಪ್ಯಾರಾ, ಅದರಲ್ಲಿ ಇಬ್ಬರು ವಿದ್ವಾಂಸರೂ ಎದುರುಬದುರಾಗಿ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯರ ಕವಿಮಾರ್ಗವನ್ನು ಸ್ಮರಿಸುತ್ತಾನೆ: ಕವಿಮಾರ್ಗವೂ ಕವಿರಾಜಮಾರ್ಗವೂ ಒಂದೆಯೇ? ಅದಕ್ಕೆ ಇನ್ನೊಂದು ಪ್ಯಾರಾ. ಇನ್ನು ಶ್ರೀವಿಜಯಪಕ್ಷದವರಿಗೇ ಇರುಸುಮುರುಸಾಗುವ ಸಂಗತಿಯೊಂದಿದೆ: ಗ್ರಂಥವು ತನಗಿಂತ ಹಿಂದಿನ ಪದ್ಯಕವಿಗಳನ್ನು ಹೆಸರಿಸುವಾಗ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರೊಡನೆ ಶ್ರೀವಿಜಯನ ಹೆಸರನ್ನೂ ಹೇಳುತ್ತದೆ. ಕವಿಯು ತನ್ನನ್ನು ತಾನೇ ಪೂರ್ವಕವಿಗಳಲ್ಲಿ ಸೇರಿಸಿಕೊಂಡನೇ, ಶ್ರೀವಿಜಯರು ಇಬ್ಬರಿದ್ದರೇ ಎಂಬ ಪ್ರಶ್ನೆಯನ್ನು ಎತ್ತದೆ ದಾಟಿದ ಸಮೀಕ್ಷೆಯು ಎದುರಾಳಿಯ ಒಳ್ಳೆಯ ಬಾಣವನ್ನು ಬಚ್ಚಿಟ್ಟಂತೆಯೇ ಸರಿ. ಅದೇ ಪಟ್ಟಿಯ ಗದ್ಯಕಾರರ ಭಾಗದಲ್ಲಿ ವಿಮಳೋದಯವೆಂಬುದು ವಿಮಳ, ಉದಯ ಎಂಬ ಇಬ್ಬರ ಹೆಸರೋ ಒಬ್ಬನದೋ ಎಂಬ ಸಂದೇಹವಿದೆ. ಮೂಲವನ್ನು ತೆರೆಯದೆ ಪಟ್ಟಿಯಿಂದ ಪಟ್ಟಿಗೆ ಇಳಿಸಿಕೊಂಡವನಿಗೆ ಅಲ್ಲಿ ಸಂಧಿಯೊಂದಿರುವುದೇ ಕಾಣುವುದಿಲ್ಲ. ಹೀಗೆ ಪ್ರಶ್ನೆಗಳನ್ನು ಕಂಬಗಳಾಗಿ ನೆಟ್ಟು ಹೆಸರುಗಳನ್ನು ಅವುಗಳ ಸುತ್ತ ನಿಲ್ಲಿಸಿದರೆ, ಒಬ್ಬನೇ ವಿದ್ವಾಂಸನು ಮೂರು ಕಡೆ ಬರಬಹುದು, ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲಬಹುದು. ಅದೇ ನ್ಯಾಯವಾದುದು. ನೆಟ್ಟ ಕಂಬವನ್ನು ಅಲ್ಲಾಡಿಸಿ ಅಲ್ಲಾಡಿಸಿ ಗಟ್ಟಿ ಮಾಡುವುದಕ್ಕೆ ಸ್ಥೂಣಾನಿಖನನ ನ್ಯಾಯವೆಂದು ಹೆಸರು. ಸಮೀಕ್ಷೆಯಲ್ಲಿ ಆಕ್ಷೇಪಗಳಿಗೆ ಎಡೆಗೊಡುವುದರ ಪ್ರಯೋಜನವೂ ಅದೇ.

ಕಾಲಾನುಕ್ರಮದ ಜೋಡಣೆ ಸಂಪೂರ್ಣವಾಗಿ ತ್ಯಾಜ್ಯವೇನೂ ಅಲ್ಲ. ಹೊಸ ಹಸ್ತಪ್ರತಿಯೋ ಶಾಸನವೋ ದೊರೆತು ಅದರಿಂದ ಹಿಂದಿನ ಮತಗಳು ಬುಡಮೇಲಾದ ವಿಷಯಗಳಲ್ಲಿ ಕಾಲವೇ ಕಥೆಯನ್ನು ನಡೆಸುತ್ತದೆ.

ವಿಷಯದಲ್ಲಿ ತೆರಪು ಎಲ್ಲಿದೆಯೆಂದು ತೋರಿಸುವುದು ಸಮೀಕ್ಷೆಯ ಗುರಿ. ಇದನ್ನು ಬಹುಮಂದಿ 'ಈ ವಿಷಯವನ್ನು ಕುರಿತು ಈವರೆಗೆ ಯಾರೂ ಅಧ್ಯಯನ ನಡೆಸಿಲ್ಲ' ಎಂಬ ಒಂದು ವಾಕ್ಯದಿಂದ ಮುಗಿಸುತ್ತಾರೆ. ಈ ವಾಕ್ಯವನ್ನು ಪ್ರಬಂಧದ ಹನ್ನೆರಡನೆಯ ಪುಟದಲ್ಲಿ ಓದಿ, ಕೊನೆಯ ಗ್ರಂಥಋಣದಲ್ಲಿ ಅದೇ ವಿಷಯದ ಮೇಲಿನ ಎರಡು ಪುಸ್ತಕಗಳ ಹೆಸರನ್ನು ಕಂಡ ಪರೀಕ್ಷಕರುಂಟು. ವಾಕ್ಯ ನಿಜವಾದರೂ ಅದರಿಂದ ಹೆಚ್ಚೇನೂ ಸಾಧಿಸಿದಂತಾಗದು. ಯಾರೂ ತೋಡದ ಜಾಗದಲ್ಲೆಲ್ಲ ನೀರಿರುವುದಿಲ್ಲ. ಹಿಂದಿನವರು ಇಲ್ಲಿಯವರೆಗೆ ಬಂದರು, ಈ ಕಾರಣದಿಂದ ಮುಂದೆ ಹೋಗಲಾರದೆ ನಿಂತರು, ಆ ಕಾರಣ ಈಗ ಇಲ್ಲವಾಗಿದೆ ಎಂದು ತೋರಿಸಿದಾಗ ಮಾತ್ರ ಹೊಸ ಸಂಶೋಧನೆಗೆ ಹಕ್ಕು ಹುಟ್ಟುತ್ತದೆ.

ಭಾಷೆಯ ವಿಷಯದಲ್ಲಿ ಒಂದೆರಡು ಮಾತು. ಹೇಳಿದ್ದಾರೆ, ಊಹಿಸಿದ್ದಾರೆ, ವಾದಿಸಿದ್ದಾರೆ, ಸಾಧಿಸಿದ್ದಾರೆ ಎಂಬವು ಒಂದರ ಬದಲು ಒಂದನ್ನು ಅಂದಕ್ಕಾಗಿ ಬಳಸತಕ್ಕ ಪದಗಳಲ್ಲ. ಇವು ತೂಕದ ಕಲ್ಲುಗಳು. ಊಹಿಸಿದವರನ್ನು ಸಾಧಿಸಿದರೆಂದು ಬರೆದರೆ ಅವರಿಗೂ ಸತ್ಯಕ್ಕೂ ಏಕಕಾಲದಲ್ಲಿ ಅನ್ಯಾಯವಾಗುತ್ತದೆ. ಕನ್ನಡದ ಗೌರವಪದ್ಧತಿಯೂ ಇಲ್ಲಿ ಸ್ವಲ್ಪ ಕಾಲು ತೊಡರಿಸುತ್ತದೆ. ಪ್ರಾತಃಸ್ಮರಣೀಯರು, ವಿದ್ವನ್ಮಣಿಗಳು ಎಂದು ಎರಡು ಸಾಲು ವಿಶೇಷಣಗಳನ್ನು ಹಾಕಿದ ಮೇಲೆ ಅವರ ಪಾಠಶೋಧನೆ ತಪ್ಪೆನ್ನಲು ಲೇಖನಿ ಏಳದು. ಬಹುವಚನದ ಮರ್ಯಾದೆಯಿಷ್ಟಿದ್ದರೆ ಸಾಕು. ಉಳಿದುದನ್ನು ಅಭಿನಂದನ ಗ್ರಂಥಕ್ಕೆ ಬಿಡುವುದು ಲೇಸು. ತನ್ನ ಮಾರ್ಗದರ್ಶಕರ ಗ್ರಂಥವೇ ಸಮೀಕ್ಷೆಗೆ ಒಳಗಾಗಬೇಕಾಗಿ ಬಂದಾಗ ವಿದ್ಯಾರ್ಥಿ ಪಡುವ ಸಂಕಟ ಎಲ್ಲರಿಗೂ ತಿಳಿದದ್ದೇ. ಅವನು ಆ ಗ್ರಂಥವನ್ನು ಮೊದಲ ಸಾಲಿನಲ್ಲಿ ಹೊಗಳಿ, ಮುಂದೆಲ್ಲಿಯೂ ಅದರ ಸುದ್ದಿಯೆತ್ತದೆ ಜಾರಿಕೊಳ್ಳುತ್ತಾನೆ. ಒಳ್ಳೆಯ ಗುರುವಾದರೆ ಆ ಮೌನವನ್ನು ಗುರುತಿಸಿ, ಆ ಪುಟದ ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನಚಿಹ್ನೆಯೊಂದನ್ನು ಹಾಕಿ ಹಿಂದಿರುಗಿಸುತ್ತಾನೆ.

ಸಮೀಕ್ಷೆಯನ್ನು ಬರೆಯುವುದು ಪ್ರಬಂಧದ ಮೊದಲ ಕೆಲಸವೋ ಕೊನೆಯದೋ ಎಂಬುದಕ್ಕೆ ಎರಡೂ ಎನ್ನಬೇಕು. ಮುಂದೆ ನಡೆಯುತ್ತಿರುವ ಸಿಂಹವು ನಿಂತು ಹಿಂದಿರುಗಿ ನೋಡುವುದನ್ನು ಸಿಂಹಾವಲೋಕನವೆನ್ನುವರು. ಒಂದು ಸಲ ನೋಡಿ ಮುಗಿಸುವುದು ಅದರ ಕ್ರಮವಲ್ಲ. ಮೊದಲ ವರ್ಷದಲ್ಲಿ ಬರೆದ ಸಮೀಕ್ಷೆಯು ಒಪ್ಪಿಸುವ ಹೊತ್ತಿಗೆ ಹಳತಾಗಿರುತ್ತದೆ. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಎಂ. ಎಚ್. ಕೃಷ್ಣರು 1936ರಲ್ಲಿ ಬೆಳಕಿಗೆ ತಂದು 450ರ ಸುಮಾರಿನದೆಂದು ಗೊತ್ತುಮಾಡಿದಂದಿನಿಂದ, ಕನ್ನಡದ ಅತಿಪ್ರಾಚೀನ ಶಾಸನವು ಅದೇ ಎಂಬ ವಾಕ್ಯವು ಪಠ್ಯಪುಸ್ತಕಗಳಲ್ಲಿಯೂ ಪ್ರೌಢಪ್ರಬಂಧಗಳಲ್ಲಿಯೂ ಸ್ಥಿರವಾಗಿ ನಿಂತಿತ್ತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದಲ್ಲಿ 2013ರ ಉತ್ಖನನದ ವೇಳೆ ಸಿಂಹಕಟಾಂಜನದ ಶಾಸನ ದೊರೆತು, ಪುರಾತತ್ತ್ವ ಇಲಾಖೆಯವರು ಅದನ್ನು 370ರ ಸುಮಾರಿಗೆ ಕೊಂಡೊಯ್ದ ಮೇಲೆ, ಆ ಹಳೆಯ ವಾಕ್ಯವನ್ನು ಬರೆಯುವವನು ಹೊಸ ಕಾಲನಿರ್ಣಯವನ್ನು ಒಪ್ಪಲಿ ಬಿಡಲಿ, ಅದನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಅದಕ್ಕೆ ಮೊದಲು ಬರೆದವನ ತಪ್ಪೇನೂ ಇಲ್ಲ. ಆದರೆ ಅವನು ಯಾವಾಗ ಬರೆದನೆಂಬುದು ಓದುಗನಿಗೆ ತಿಳಿಯಬೇಕು. ಆದಕಾರಣ ಇಂಥ ಪುಸ್ತಕಭಂಡಾರಗಳಲ್ಲಿ, ಇಂಥ ಸೂಚಿಗಳಲ್ಲಿ, ಇಂಥ ವರ್ಷದ ಇಂಥ ತಿಂಗಳವರೆಗೆ ಪ್ರಕಟವಾದುದನ್ನು ನೋಡಿದೆ ಎಂಬ ಒಂದು ಸಾಲನ್ನು ಸಮೀಕ್ಷೆಯ ತಲೆಯಲ್ಲಿಯೇ ಬರೆದು, ಪ್ರಬಂಧವನ್ನು ರಟ್ಟು ಕಟ್ಟಿಸಲು ಕೊಡುವ ಹಿಂದಿನ ದಿನ ಆ ತಿಂಗಳ ಹೆಸರನ್ನು ಇನ್ನೊಮ್ಮೆ ನೋಡಿಕೊಳ್ಳತಕ್ಕದ್ದು.